ಜಾರ್ಜ್ ವೆಸ್ಟಿಂಗ್‌ಹೌಸ್

ಜಾರ್ಜ್ ವೆಸ್ಟಿಂಗ್‌ಹೌಸ್ (ಅಕ್ಟೋಬರ್ ೬, ೧೮೪೬ – ಮಾರ್ಚ್ ೧೨, ೧೯೧೪) ಅಮೆರಿಕದ ಪ್ರಸಿದ್ಧ ಸಂಶೋಧಕ, ಎಂಜಿನಿಯರ್ ಹಾಗೂ ಉದ್ಯಮಿ. ರೈಲುಗಳಿಗೆ ಏರ್ ಬ್ರೇಕ್ ವ್ಯವಸ್ಥೆಯನ್ನು ರೂಪಿಸಿದವರು ಇವರೇ. ರೈಲು ಸಿಗ್ನಲ್‌ಗಳ ಆಧುನೀಕರಣದಲ್ಲಿಯೂ, ಪರ್ಯಾಯ ವಿದ್ಯುತ್ ಪ್ರವಾಹದ ಪ್ರಸಾರದಲ್ಲಿಯೂ ಇವರ ಪಾತ್ರ ಬಹಳ ದೊಡ್ಡದು. ತಮ್ಮ ಜೀವಿತಕಾಲದಲ್ಲಿ ಇವರು ೩೬೦ಕ್ಕೂ ಹೆಚ್ಚು ಪೇಟೆಂಟ್‌ಗಳನ್ನು ಪಡೆದರು. ವಿದ್ಯುತ್ ಕ್ಷೇತ್ರದಲ್ಲಿ ಎಡಿಸನ್ನರ ಪ್ರತಿಸ್ಪರ್ಧಿಯೆಂದು ಇವರ ಹೆಸರು ಹೆಚ್ಚು ಪ್ರಚಾರದಲ್ಲಿದ್ದರೂ, ಇವರ ಮೊದಲ ಹಾಗೂ ದೀರ್ಘಕಾಲದ ಕಾರ್ಯಕ್ಷೇತ್ರ ರೈಲು ಸುರಕ್ಷತೆ. ರೈಲಿನ ಮೇಲೆ ಮತ್ತು ಹಳಿಯ ಮೇಲೆ ದುಡಿಯುವವರ ಪ್ರಾಣರಕ್ಷಣೆಗೆ ಇಂದು ಬಳಕೆಯಲ್ಲಿರುವ ಹಲವು ಏರ್ಪಾಡುಗಳ ಮೂಲ ಇವರ ಮತ್ತು ಇವರ ಸಂಸ್ಥೆಗಳ ಕೆಲಸದಲ್ಲಿದೆ.

ಜನನ ಮತ್ತು ಬಾಲ್ಯ

ವೆಸ್ಟಿಂಗ್‌ಹೌಸ್ ಅವರು ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ಬ್ರಿಜ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆಯ ಹೆಸರೂ ಜಾರ್ಜ್ ವೆಸ್ಟಿಂಗ್‌ಹೌಸ್, ತಾಯಿ ಎಮೆಲಿನ್. ತಂದೆ ಕೃಷಿಕರೂ ಹೌದು, ಒಳ್ಳೆಯ ಯಂತ್ರಕುಶಲಿಯೂ ಹೌದು. ತೆನೆ ಬಡಿಯುವ ಯಂತ್ರ ಮೊದಲಾದ ಕೃಷಿ ಸಲಕರಣೆಗಳನ್ನು ತಯಾರಿಸುತ್ತಿದ್ದ ಅವರು ೧೮೫೬ರಲ್ಲಿ ಕುಟುಂಬದೊಡನೆ ಸ್ಕೆನೆಕ್ಟಡಿ ನಗರಕ್ಕೆ ಬಂದು ಅಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದರು. ಬಾಲಕ ಜಾರ್ಜ್‌ಗೆ ಶಾಲೆಯ ಪಾಠಗಳಿಗಿಂತ ತಂದೆಯ ಕಾರ್ಖಾನೆಯಲ್ಲಿ ಹೆಚ್ಚು ಆಸಕ್ತಿ. ಕಬ್ಬಿಣ ಕಾಯಿಸುವುದು, ಕೊರೆಯುವುದು, ಉಗಿ ಎಂಜಿನ್ನಿನ ಭಾಗಗಳನ್ನು ಬಿಚ್ಚಿ ಜೋಡಿಸುವುದು ಇವೆಲ್ಲವನ್ನೂ ಅವರು ಅಲ್ಲಿಯೇ ಕೈಯಾರೆ ಕಲಿತರು.

ಅಂತರ್ಯುದ್ಧದಲ್ಲಿ ಸೇವೆ

ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಜಾರ್ಜ್ ಇನ್ನೂ ಹದಿಹರೆಯದ ಹುಡುಗ. ಆಗಲೇ ಸೈನ್ಯಕ್ಕೆ ಸೇರಲು ಹೋದ ಅವರನ್ನು ಮನೆಯವರು ಹಿಂದಕ್ಕೆ ಕರೆಸಿಕೊಂಡರು. ೧೮೬೩ರಲ್ಲಿ ಮನೆಯವರ ಒಪ್ಪಿಗೆಯೊಡನೆ ಉತ್ತರದ ಸೈನ್ಯದ ಅಶ್ವದಳವನ್ನು ಸೇರಿದರು. ೧೮೬೪ರ ಕೊನೆಯಲ್ಲಿ ನೌಕಾಪಡೆಗೆ ಬದಲಾಗಿ, ಹಡಗಿನ ಸಹಾಯಕ ಎಂಜಿನಿಯರ್ ಆಗಿ ಕೆಲಸ ಮಾಡಿದರು. ಯುದ್ಧದಲ್ಲಿ ಇವರ ಅಣ್ಣ ಆಲ್ಬರ್ಟ್ ಮಡಿದರು. ೧೮೬೫ರಲ್ಲಿ ಊರಿಗೆ ಮರಳಿದ ಜಾರ್ಜ್ ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜಿಗೆ ಸೇರಿದರಾದರೂ ಮೊದಲ ಅವಧಿಯಲ್ಲಿಯೇ ಓದನ್ನು ಬಿಟ್ಟು ಮತ್ತೆ ತಂದೆಯ ಕಾರ್ಖಾನೆಗೆ ಹೋದರು. ಅದೇ ವರ್ಷ ಅಕ್ಟೋಬರ್ ೩೧ರಂದು ತಿರುಗುವ ಬಗೆಯ ಉಗಿ ಎಂಜಿನ್ನಿಗೆ ತಮ್ಮ ಮೊದಲ ಪೇಟೆಂಟನ್ನು ಪಡೆದರು. ಆಗ ಅವರ ವಯಸ್ಸು ೧೯.

ರೈಲ್ವೆ ಕ್ಷೇತ್ರಕ್ಕೆ ಪ್ರವೇಶ

ಅಂದಿನ ಅಮೆರಿಕದಲ್ಲಿ ರೈಲುಬಂಡಿಗಳು ಹಳಿ ತಪ್ಪುವುದು ದಿನನಿತ್ಯದ ಸಂಗತಿಯಾಗಿತ್ತು. ಹಳಿ ತಪ್ಪಿದ ಬಂಡಿಯನ್ನು ಹತ್ತಾರು ಆಳುಗಳು ಸನ್ನೆಕೋಲುಗಳಿಂದ ಎತ್ತಿ ಮತ್ತೆ ಹಳಿಯ ಮೇಲೆ ಕೂರಿಸಬೇಕಾಗಿತ್ತು. ಗಂಟೆಗಟ್ಟಲೆ ಹಿಡಿಯುತ್ತಿದ್ದ ಈ ಕೆಲಸ ಅಪಾಯಕಾರಿಯೂ ಆಗಿತ್ತು. ಇಂತಹ ಒಂದು ಪ್ರಸಂಗವನ್ನು ಕಂಡ ವೆಸ್ಟಿಂಗ್‌ಹೌಸ್, ತಪ್ಪಿದ ಬಂಡಿಯನ್ನು ಎಂಜಿನ್ನಿನ ಎಳೆತದಿಂದಲೇ ಹಳಿಗೆ ಹತ್ತಿಸುವ ಇಳಿಜಾರಾದ ಸಾಧನವೊಂದನ್ನು ರೂಪಿಸಿದರು. ಬಳಿಕ, ಒಂದು ಹಳಿ ಮತ್ತೊಂದನ್ನು ದಾಟುವ ಸ್ಥಳದಲ್ಲಿ ಬಳಸುವ ಫ್ರಾಗ್ ಎಂಬ ಭಾಗವನ್ನು ಎರಕದ ಉಕ್ಕಿನಲ್ಲಿ, ಒಂದು ಮಗ್ಗುಲು ಸವೆದಾಗ ತಿರುಗಿಸಿ ಹಾಕಿ ಬಳಸಬಹುದಾದ ರೀತಿಯಲ್ಲಿ ತಯಾರಿಸಿದರು. ಹಳಿಯ ಈ ಭಾಗ ಬೇಗ ಸವೆಯುತ್ತಿದ್ದುದರಿಂದ ಅದನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತಿತ್ತು. ಬಾಳಿಕೆ ಹೆಚ್ಚಿದಷ್ಟೂ ಆಳುಗಳು ಹಳಿಯ ಮೇಲೆ ನಿಂತು ಕೆಲಸ ಮಾಡಬೇಕಾದ ಸಂದರ್ಭಗಳು ಕಡಿಮೆಯಾದವು.

ಈ ವ್ಯಾಪಾರದ ಸಲುವಾಗಿ ಪ್ರಯಾಣಿಸುತ್ತಿದ್ದಾಗ ರೈಲಿನಲ್ಲಿಯೇ ಮಾರ್ಗರೇಟ್ ಅರ್ಸ್ಕಿನ್ ವಾಕರ್ ಅವರ ಪರಿಚಯವಾಯಿತು. ೧೮೬೭ರ ಆಗಸ್ಟ್‌ನಲ್ಲಿ ಅವರಿಬ್ಬರ ವಿವಾಹ ನೆರವೇರಿತು. ಪಾಲುದಾರರೊಂದಿಗೆ ಭಿನ್ನಾಭಿಪ್ರಾಯ ಉಂಟಾದ ಮೇಲೆ ವೆಸ್ಟಿಂಗ್‌ಹೌಸ್ ೧೮೬೮ರಲ್ಲಿ ಉಕ್ಕಿನ ಉದ್ಯಮಕ್ಕೆ ಹೆಸರಾದ ಪಿಟ್ಸ್‌ಬರ್ಗ್ ನಗರಕ್ಕೆ ಬಂದರು. ಮುಂದೆ ಅದೇ ಅವರ ಕರ್ಮಭೂಮಿಯಾಯಿತು.

ಕೈಬ್ರೇಕ್‌ಗಳ ಕಾಲ

ಏರ್ ಬ್ರೇಕ್‌ನ ಮಹತ್ವವನ್ನು ಅರಿಯಲು ಅದಕ್ಕೂ ಹಿಂದಿನ ಸ್ಥಿತಿಯನ್ನು ತಿಳಿಯಬೇಕು. ರೈಲಿನ ಪ್ರತಿಯೊಂದು ಬಂಡಿಗೂ ಪ್ರತ್ಯೇಕವಾದ ಕೈಬ್ರೇಕ್ ಇರುತ್ತಿತ್ತು. ರೈಲನ್ನು ನಿಲ್ಲಿಸಬೇಕಾದಾಗ ಚಾಲಕನು ಸೀಟಿ ಊದುತ್ತಿದ್ದನು. ಆಗ ಬ್ರೇಕ್‌ಮನ್ ಎಂಬ ಕೆಲಸಗಾರರು ಒಂದೊಂದೇ ಬಂಡಿಯ ಬ್ರೇಕ್ ಚಕ್ರವನ್ನು ತಿರುಗಿಸಿ ಬಿಗಿಗೊಳಿಸುತ್ತಿದ್ದರು. ಗೂಡ್ಸ್ ರೈಲುಗಳಲ್ಲಿ ಈ ಚಕ್ರಗಳು ಬಂಡಿಯ ಚಾವಣಿಯ ಮೇಲಿದ್ದವು. ಓಡುವ ರೈಲಿನ ಮೇಲೆ, ಒಂದು ಚಾವಣಿಯಿಂದ ಮತ್ತೊಂದಕ್ಕೆ ದಾಟುತ್ತಾ, ಮಳೆಯಲ್ಲಿ, ಹಿಮದಲ್ಲಿ, ಕತ್ತಲೆಯಲ್ಲಿ ಈ ಕೆಲಸವನ್ನು ಮಾಡಬೇಕಾಗಿತ್ತು. ಕಾಲು ಜಾರಿ ಬಂಡಿಗಳ ನಡುವೆ ಬಿದ್ದವರು, ತಗ್ಗಾದ ಸೇತುವೆಯ ಕಮಾನಿಗೆ ತಲೆ ಬಡಿದು ಸತ್ತವರು ಅನೇಕರು.

ಬಂಡಿಗಳನ್ನು ಜೋಡಿಸುವ ಕೆಲಸವೂ ಅಷ್ಟೇ ಭೀಕರ. ಎರಡು ಬಂಡಿಗಳ ನಡುವೆ ನಿಂತು, ಕಬ್ಬಿಣದ ಕೊಂಡಿಯನ್ನು ಕೈಯಲ್ಲಿ ಹಿಡಿದು, ಬಂಡಿ ಬಂದು ತಾಗುವ ಕ್ಷಣದಲ್ಲಿ ಗೂಟವನ್ನು ಇಳಿಸಬೇಕಾಗಿತ್ತು. ಬೆರಳು ಕಳೆದುಕೊಳ್ಳದ ರೈಲು ಕೆಲಸಗಾರನೇ ವಿರಳ ಎಂಬಂತಹ ಪರಿಸ್ಥಿತಿ ಇತ್ತು. ಇನ್ನು ಹಳಿ ದುರಸ್ತಿಯ ಆಳುಗಳಿಗೆ, ಚಾಲಕನು ಅವರನ್ನು ದೂರದಿಂದ ಕಂಡರೂ ರೈಲನ್ನು ನಿಲ್ಲಿಸಲಾರನೆಂಬುದೇ ದೊಡ್ಡ ಅಪಾಯ. ಸೀಟಿ ಕೇಳಿ ಬ್ರೇಕ್‌ಮನ್‌ಗಳು ಎದ್ದು ಚಕ್ರ ತಿರುಗಿಸುವಷ್ಟರಲ್ಲಿ ರೈಲು ಬಹುದೂರ ಸಾಗಿಬಿಡುತ್ತಿತ್ತು.

೧೮೬೬ರಲ್ಲಿ ಸ್ಕೆನೆಕ್ಟಡಿ ಮತ್ತು ಟ್ರಾಯ್ ನಗರಗಳ ನಡುವೆ ಎರಡು ಗೂಡ್ಸ್ ರೈಲುಗಳು ಮುಖಾಮುಖಿ ಡಿಕ್ಕಿಯಾದುದನ್ನು ವೆಸ್ಟಿಂಗ್‌ಹೌಸ್ ಕಂಡರು. ಅದು ಹಗಲು ಹೊತ್ತು, ಹಳಿ ನೇರವಾಗಿತ್ತು, ಚಾಲಕರಿಬ್ಬರೂ ಪರಸ್ಪರ ರೈಲುಗಳನ್ನು ದೂರದಿಂದಲೇ ನೋಡಿದ್ದರು. ಆದರೂ ನಿಲ್ಲಿಸಲು ಸಮಯ ಸಾಲಲಿಲ್ಲ. ಇಡೀ ರೈಲಿನ ಬ್ರೇಕ್‌ಗಳನ್ನು ಚಾಲಕನೊಬ್ಬನೇ ಏಕಕಾಲಕ್ಕೆ ಹಾಕುವಂತಾಗಬೇಕು ಎಂಬ ಆಲೋಚನೆ ಅವರಲ್ಲಿ ಮೂಡಿದ್ದು ಈ ಘಟನೆಯಿಂದ.

ಏರ್ ಬ್ರೇಕ್‌ನ ಆವಿಷ್ಕಾರ

ಮೊದಲು ಅವರು ಎಲ್ಲ ಬಂಡಿಗಳ ಬ್ರೇಕ್‌ಗಳನ್ನು ಒಂದು ಸರಪಳಿಯಿಂದ ಎಳೆಯುವ ಯೋಚನೆ ಮಾಡಿದರು. ಉದ್ದವಾದ ರೈಲಿನಲ್ಲಿ ಅದು ಸಾಧ್ಯವಾಗಲಿಲ್ಲ. ಎಂಜಿನ್ನಿನ ಉಗಿಯನ್ನು ಕೊಳವೆಯ ಮೂಲಕ ಬಂಡಿಗಳಿಗೆ ಕಳುಹಿಸಿದರೆ ಅದು ದಾರಿಯಲ್ಲೇ ತಣ್ಣಗಾಗಿ ನೀರಾಗುತ್ತಿತ್ತು. ಇದೇ ಸಮಯದಲ್ಲಿ ಅವರು ಚಂದಾದಾರರಾಗಿದ್ದ ಒಂದು ಪತ್ರಿಕೆಯಲ್ಲಿ ಫ್ರಾನ್ಸ್ ಮತ್ತು ಇಟಲಿಗಳ ನಡುವೆ ಆಲ್ಪ್ಸ್ ಪರ್ವತವನ್ನು ಕೊರೆದು ನಿರ್ಮಿಸುತ್ತಿದ್ದ ಮಾಂಟ್ ಸೆನಿಸ್ ಸುರಂಗದ ಲೇಖನ ಪ್ರಕಟವಾಯಿತು. ಅಲ್ಲಿ ಸಾವಿರಾರು ಅಡಿಗಳಾಚೆಯಿಂದ ಕೊಳವೆಯಲ್ಲಿ ಬಂದ ಒತ್ತಡದ ಗಾಳಿಯಿಂದ ಕೊರೆಯುವ ಯಂತ್ರಗಳು ಕೆಲಸ ಮಾಡುತ್ತಿದ್ದವು. ಗಾಳಿ ಉಗಿಯಂತೆ ದಾರಿಯಲ್ಲಿ ನೀರಾಗುವುದಿಲ್ಲ. ವೆಸ್ಟಿಂಗ್‌ಹೌಸ್ ಅವರಿಗೆ ಬೇಕಾಗಿದ್ದ ಮಾಧ್ಯಮ ದೊರೆಯಿತು.

ಅವರ ಮೊದಲ ವ್ಯವಸ್ಥೆಯಲ್ಲಿ ಎಂಜಿನ್ನಿನ ಮೇಲೆ ಉಗಿಯಿಂದ ನಡೆಯುವ ಗಾಳಿ ಪಂಪು, ಗಾಳಿಯನ್ನು ಸಂಗ್ರಹಿಸುವ ತೊಟ್ಟಿ, ರೈಲಿನುದ್ದಕ್ಕೂ ಹೋಗುವ ಕೊಳವೆ, ಪ್ರತಿ ಬಂಡಿಯಡಿ ಒಂದು ಸಿಲಿಂಡರ್ ಇದ್ದವು. ಚಾಲಕನು ಕವಾಟ ತೆರೆದರೆ ಗಾಳಿ ಹರಿದು ಎಲ್ಲ ಸಿಲಿಂಡರ್‌ಗಳ ಆಡುಬೆಣೆಗಳನ್ನು ತಳ್ಳಿ, ಗಾಲಿಗಳಿಗೆ ಬ್ರೇಕ್ ಒತ್ತುತ್ತಿತ್ತು. ಹಲವು ರೈಲ್ವೆ ಅಧಿಕಾರಿಗಳು ಇದನ್ನು ಕೇಳಿ ನಕ್ಕರೆಂದು ಹೇಳಲಾಗುತ್ತದೆ. ಗಾಳಿಯಿಂದ ರೈಲನ್ನು ನಿಲ್ಲಿಸುವ ಮಾತು ಅಂದಿನವರಿಗೆ ನಂಬಲಾಗದಂತೆ ಕಂಡುದು ಸಹಜ. ಕೊನೆಗೆ ಸ್ನೇಹಿತ ರಾಲ್ಫ್ ಬ್ಯಾಗಲಿಯವರ ಹಣದ ನೆರವಿನಿಂದಲೂ, ಪ್ಯಾನ್‌ಹ್ಯಾಂಡಲ್ ರೈಲುಮಾರ್ಗದ ಅಧಿಕಾರಿಗಳ ಒಪ್ಪಿಗೆಯಿಂದಲೂ ಒಂದು ಎಂಜಿನ್ ಮತ್ತು ನಾಲ್ಕು ಬಂಡಿಗಳಿಗೆ ಈ ಬ್ರೇಕನ್ನು ಅಳವಡಿಸಲಾಯಿತು.

ಪ್ರಯೋಗದ ಓಟ ಪಿಟ್ಸ್‌ಬರ್ಗ್‌ನಿಂದ ಹೊರಟಿತು. ನಗರದ ಸುರಂಗವನ್ನು ದಾಟಿ ಹೊರಬರುತ್ತಿದ್ದಂತೆ ಮುಂದಿನ ದಾಟುರಸ್ತೆಯಲ್ಲಿ ಹಳಿಯ ಮೇಲೆ ಒಂದು ಕುದುರೆಗಾಡಿ ಕಾಣಿಸಿತು. ಗಾಬರಿಗೊಂಡ ಕುದುರೆಗಳು ಗಾಡಿಯವನನ್ನು ಹಳಿಗಳ ಮೇಲೆ ಬೀಳಿಸಿದವು. ಚಾಲಕ ಡೇನಿಯಲ್ ಟೇಟ್ ಕೂಡಲೇ ಹೊಸ ಬ್ರೇಕಿನ ಕವಾಟವನ್ನು ತಿರುಗಿಸಿದರು. ಬಿದ್ದ ಮನುಷ್ಯನಿಂದ ಕೆಲವೇ ಅಡಿಗಳ ದೂರದಲ್ಲಿ ರೈಲು ನಿಂತಿತು. ಒಳಗಿದ್ದ ಅಧಿಕಾರಿಗಳು ಆಸನಗಳಿಂದ ಮುಗ್ಗರಿಸಿದರು; ಕೆಳಗಿಳಿದು ನೋಡಿದಾಗ ಅವರಿಗೆ ಬೇರೆ ಪ್ರಾತ್ಯಕ್ಷಿಕೆಯ ಅಗತ್ಯ ಉಳಿಯಲಿಲ್ಲ. ೧೮೬೯ರ ಏಪ್ರಿಲ್ ೧೩ರಂದು ಏರ್ ಬ್ರೇಕ್‌ಗೆ ಪೇಟೆಂಟ್ ದೊರೆಯಿತು. ಅದೇ ವರ್ಷ ವೆಸ್ಟಿಂಗ್‌ಹೌಸ್ ಏರ್ ಬ್ರೇಕ್ ಕಂಪನಿ ಸ್ಥಾಪನೆಯಾಯಿತು. ಆಗ ಸಂಶೋಧಕರ ವಯಸ್ಸು ಇನ್ನೂ ೨೨.

ಸ್ವಯಂಚಾಲಿತ ಬ್ರೇಕ್

ಮೊದಲ ವ್ಯವಸ್ಥೆಯಲ್ಲಿ ಒಂದು ಗಂಭೀರವಾದ ದೋಷವಿತ್ತು. ಬ್ರೇಕ್ ಹಾಕಲು ಗಾಳಿಯನ್ನು ಕಳುಹಿಸಬೇಕಾಗಿದ್ದುದರಿಂದ, ಕೊಳವೆ ಒಡೆದರೆ ಅಥವಾ ಬಂಡಿಗಳ ಜೋಡಣೆ ಕಳಚಿದರೆ ಬ್ರೇಕ್ ಸಂಪೂರ್ಣವಾಗಿ ನಿಷ್ಫಲವಾಗುತ್ತಿತ್ತು. ಅತ್ಯಂತ ಅಗತ್ಯವಾದ ಹೊತ್ತಿನಲ್ಲಿಯೇ ಅದು ಕೈಕೊಡುವ ಸಂಭವವಿತ್ತು. ಗಾಳಿ ಹಿಂದಿನ ಬಂಡಿಗಳನ್ನು ತಲುಪಲು ಹೆಚ್ಚು ಸಮಯವೂ ಬೇಕಾಗುತ್ತಿತ್ತು.

೧೮೭೨ರ ವೇಳೆಗೆ ವೆಸ್ಟಿಂಗ್‌ಹೌಸ್ ಇಡೀ ಕ್ರಮವನ್ನೇ ತಿರುವು ಮುರುವು ಮಾಡಿದರು. ಹೊಸ ವ್ಯವಸ್ಥೆಯಲ್ಲಿ ಪ್ರತಿ ಬಂಡಿಗೂ ತನ್ನದೇ ಆದ ಗಾಳಿಯ ತೊಟ್ಟಿ ಮತ್ತು ಟ್ರಿಪಲ್ ವಾಲ್ವ್ ಎಂಬ ಕವಾಟ ಇರುತ್ತವೆ. ರೈಲು ಓಡುವಾಗ ಕೊಳವೆಯಲ್ಲಿ ಸದಾ ಒತ್ತಡವಿರುತ್ತದೆ. ಆ ಒತ್ತಡದಿಂದ ತೊಟ್ಟಿಗಳು ತುಂಬಿ, ಬ್ರೇಕ್‌ಗಳು ಬಿಡಿಸಿದ ಸ್ಥಿತಿಯಲ್ಲಿರುತ್ತವೆ. ಚಾಲಕನು ಕೊಳವೆಯ ಒತ್ತಡವನ್ನು ಇಳಿಸಿದಾಗ ಕವಾಟ ಅದನ್ನು ಗ್ರಹಿಸಿ, ಬಂಡಿಯ ಸ್ವಂತ ತೊಟ್ಟಿಯ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ಬಿಡುತ್ತದೆ. ತೊಟ್ಟಿಯನ್ನು ತುಂಬುವುದು, ಬ್ರೇಕ್ ಹಾಕುವುದು, ಬ್ರೇಕ್ ಬಿಡಿಸುವುದು ಎಂಬ ಮೂರು ಕೆಲಸಗಳನ್ನು ಮಾಡುವುದರಿಂದ ಕವಾಟಕ್ಕೆ ಆ ಹೆಸರು. ಇದರ ಫಲವಾಗಿ ಕೊಳವೆ ಒಡೆದರೂ, ರೈಲು ಎರಡು ತುಂಡಾದರೂ ಒತ್ತಡ ತಾನಾಗಿಯೇ ಇಳಿದು ಎರಡೂ ಭಾಗಗಳಲ್ಲಿ ಬ್ರೇಕ್ ಬೀಳುತ್ತದೆ.

ಕೆಟ್ಟುಹೋದರೆ ಸುರಕ್ಷಿತವಾದ ಕಡೆಗೇ ಕೆಡಬೇಕು ಎಂಬುದು ಈ ವಿನ್ಯಾಸದ ತತ್ತ್ವ. ರೈಲ್ವೆ ಸುರಕ್ಷತೆಯ ಎಲ್ಲ ಶಾಖೆಗಳಿಗೂ ಮುಂದೆ ಇದು ಆಧಾರಸೂತ್ರವಾಯಿತು.

ಯುರೋಪಿನಲ್ಲಿ ಪ್ರಚಾರ

೧೮೭೧ರಿಂದ ವೆಸ್ಟಿಂಗ್‌ಹೌಸ್ ಇಂಗ್ಲೆಂಡಿಗೆ ಹಲವು ಬಾರಿ ಹೋಗಿ ತಮ್ಮ ಬ್ರೇಕನ್ನು ಪರಿಚಯಿಸಿದರು. ೧೮೭೫ರಲ್ಲಿ ನ್ಯೂಆರ್ಕ್ ಪಟ್ಟಣದ ಬಳಿ ನಡೆದ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಬೇರೆ ಬೇರೆ ಬಗೆಯ ಬ್ರೇಕ್‌ಗಳನ್ನು ಹೋಲಿಸಿ ನೋಡಲಾಯಿತು. ವೆಸ್ಟಿಂಗ್‌ಹೌಸ್ ಬ್ರೇಕ್ ಅಲ್ಲಿ ಉತ್ತಮ ಫಲಿತಾಂಶ ನೀಡಿತು. ೧೮೭೮–೭೯ರಲ್ಲಿ ಡಗ್ಲಸ್ ಗಾಲ್ಟನ್ ಎಂಬ ಎಂಜಿನಿಯರೊಂದಿಗೆ ಸೇರಿ ಅವರು ನಡೆಸಿದ ಪ್ರಯೋಗಗಳು ವೈಜ್ಞಾನಿಕವಾಗಿ ಬಹಳ ಮುಖ್ಯವಾದವು. ವೇಗ ಹೆಚ್ಚಿದಂತೆ ಬ್ರೇಕ್ ಕಟ್ಟೆ ಮತ್ತು ಗಾಲಿಯ ನಡುವಿನ ಘರ್ಷಣೆ ಕಡಿಮೆಯಾಗುತ್ತದೆ ಎಂಬುದು ಅವುಗಳಿಂದ ತಿಳಿಯಿತು. ಗಾಲಿ ತಿರುಗುವುದನ್ನೇ ನಿಲ್ಲಿಸಿ ಹಳಿಯ ಮೇಲೆ ಜಾರತೊಡಗಿದರೆ ರೈಲು ನಿಲ್ಲಲು ಇನ್ನೂ ಹೆಚ್ಚು ದೂರ ಬೇಕಾಗುತ್ತದೆ ಎಂಬುದೂ ಸ್ಥಿರಪಟ್ಟಿತು.

ಆದರೂ ಬ್ರಿಟನ್ನಿನ ಅನೇಕ ರೈಲ್ವೆ ಕಂಪನಿಗಳು ಕಡಿಮೆ ಖರ್ಚಿನ, ಸ್ವಯಂಚಾಲಿತವಲ್ಲದ ನಿರ್ವಾತ ಬ್ರೇಕ್‌ಗಳನ್ನೇ ಉಳಿಸಿಕೊಂಡವು. ೧೮೮೯ರ ಜೂನ್ ೧೨ರಂದು ಐರ್ಲೆಂಡಿನ ಆರ್ಮಾ ಬಳಿ ಮಕ್ಕಳೂ ಹಿರಿಯರೂ ತುಂಬಿದ್ದ ವಿಹಾರದ ರೈಲೊಂದು ಏರುಹಾದಿಯಲ್ಲಿ ನಿಂತುಹೋಯಿತು. ಅದನ್ನು ಎರಡು ಭಾಗ ಮಾಡಿ ಎಳೆಯಲು ಹೊರಟಾಗ, ಬೇರ್ಪಟ್ಟ ಹಿಂದಿನ ಬಂಡಿಗಳಿಗೆ ನಿರ್ವಾತ ಬ್ರೇಕಿನ ರಕ್ಷಣೆ ತಪ್ಪಿತು. ಗಾಲಿಗಳಿಗೆ ಕೊಟ್ಟ ಕಲ್ಲುಗಳು ಪುಡಿಯಾಗಿ ಬಂಡಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡಿ, ಕೆಳಗಿನಿಂದ ಬರುತ್ತಿದ್ದ ಮತ್ತೊಂದು ರೈಲಿಗೆ ಅಪ್ಪಳಿಸಿದವು. ಸುಮಾರು ೮೦ ಜನ ಸತ್ತರು. ಸ್ವಯಂಚಾಲಿತ ಬ್ರೇಕ್ ಇದ್ದಿದ್ದರೆ ರೈಲನ್ನು ಬೇರ್ಪಡಿಸಿದ ಕ್ಷಣದಲ್ಲಿಯೇ ಹಿಂದಿನ ಬಂಡಿಗಳು ಬಿಗಿಯಾಗಿ ನಿಲ್ಲುತ್ತಿದ್ದವು. ಅದೇ ವರ್ಷ ಬ್ರಿಟಿಷ್ ಸಂಸತ್ತು ಪ್ರಯಾಣಿಕರ ರೈಲುಗಳಲ್ಲಿ ಸ್ವಯಂಚಾಲಿತ ಬ್ರೇಕನ್ನು ಕಡ್ಡಾಯಗೊಳಿಸುವ ಕಾನೂನನ್ನು ಮಾಡಿತು.

ಬರ್ಲಿಂಗ್‌ಟನ್ ಪರೀಕ್ಷೆಗಳು

ಅಮೆರಿಕದ ಪ್ರಯಾಣಿಕರ ರೈಲುಗಳು ಬೇಗನೆ ಏರ್ ಬ್ರೇಕನ್ನು ಅಳವಡಿಸಿಕೊಂಡವು. ಗೂಡ್ಸ್ ರೈಲುಗಳ ಮಾತು ಬೇರೆ. ಒಂದು ಕಂಪನಿಯ ಬಂಡಿ ದೇಶದ ಎಲ್ಲ ಕಂಪನಿಗಳ ಹಳಿಗಳ ಮೇಲೂ ಓಡಾಡುತ್ತಿತ್ತು. ಒಬ್ಬರು ಬ್ರೇಕ್ ಹಾಕಿಸಿ ಮತ್ತೊಬ್ಬರು ಹಾಕಿಸದಿದ್ದರೆ, ಬೆರಕೆಯಾದ ರೈಲಿನಲ್ಲಿ ಅದರ ಪೂರ್ಣ ಪ್ರಯೋಜನ ದೊರೆಯುತ್ತಿರಲಿಲ್ಲ. ಆದ್ದರಿಂದ ಖರ್ಚು ಮಾಡಲು ಯಾರೂ ಮುಂದಾಗಲಿಲ್ಲ.

೧೮೮೬ ಮತ್ತು ೧೮೮೭ರಲ್ಲಿ ಅಯೊವಾ ರಾಜ್ಯದ ಬರ್ಲಿಂಗ್‌ಟನ್‌ನಲ್ಲಿ ೫೦ ಬಂಡಿಗಳ ಉದ್ದನೆಯ ಗೂಡ್ಸ್ ರೈಲುಗಳ ಮೇಲೆ ವಿವಿಧ ಬ್ರೇಕ್‌ಗಳ ಪರೀಕ್ಷೆ ನಡೆಯಿತು. ಯಾವ ಬ್ರೇಕೂ ಸಂಪೂರ್ಣವಾಗಿ ಗೆಲ್ಲಲಿಲ್ಲ. ಮುಂದಿನ ಬಂಡಿಗಳಿಗೆ ಬ್ರೇಕ್ ಬಿದ್ದರೂ ಹಿಂದಿನವು ಇನ್ನೂ ವೇಗದಲ್ಲಿದ್ದುದರಿಂದ, ಹಿಂದಿನ ಬಂಡಿಗಳು ಮುಂದಿನವುಗಳಿಗೆ ಭಯಂಕರವಾಗಿ ಡಿಕ್ಕಿ ಹೊಡೆಯುತ್ತಿದ್ದವು. ವೆಸ್ಟಿಂಗ್‌ಹೌಸ್ ಅವರ ಬ್ರೇಕಿಗೂ ಇದೇ ಗತಿಯಾಯಿತು. ಅವರು ಕೆಲವೇ ತಿಂಗಳುಗಳಲ್ಲಿ ಕವಾಟವನ್ನು ಹೊಸದಾಗಿ ರೂಪಿಸಿದರು. ತುರ್ತು ಸಮಯದಲ್ಲಿ ಪ್ರತಿ ಬಂಡಿಯ ಕವಾಟವೂ ತನ್ನ ಬಳಿಯಲ್ಲೇ ಕೊಳವೆಯ ಗಾಳಿಯನ್ನು ಹೊರಬಿಟ್ಟು, ಒತ್ತಡ ಇಳಿದ ಸೂಚನೆಯನ್ನು ಮುಂದಿನ ಬಂಡಿಗೆ ಅತಿ ವೇಗವಾಗಿ ದಾಟಿಸುವಂತೆ ಮಾಡಿದರು. ೧೮೮೭ರ ಕೊನೆಯ ಭಾಗದಲ್ಲಿ ೫೦ ಬಂಡಿಗಳ ರೈಲೊಂದನ್ನು ದೇಶದ ಹಲವು ನಗರಗಳಿಗೆ ಕೊಂಡೊಯ್ದು, ಅದು ಆಘಾತವಿಲ್ಲದೆ ನಿಲ್ಲುವುದನ್ನು ಸಾರ್ವಜನಿಕರ ಮುಂದೆ ತೋರಿಸಿದರು.

ಸುರಕ್ಷತಾ ಸಾಧನ ಕಾಯಿದೆ

ಸಾಧನ ಸಿದ್ಧವಾಗಿದ್ದರೂ ಅದನ್ನು ಬಳಕೆಗೆ ತರಲು ಕಾನೂನೇ ಬೇಕಾಯಿತು. ಅಯೊವಾದ ರೈತ ಲೊರೆಂಜೊ ಕಾಫಿನ್ ಅವರು ರೈಲು ಕೆಲಸಗಾರರ ಸಾವುನೋವುಗಳನ್ನು ಕಂಡು ಮರುಗಿ, ಅನೇಕ ವರ್ಷ ಸ್ವಂತ ಖರ್ಚಿನಲ್ಲಿ ಊರೂರು ತಿರುಗಿ ಪ್ರಚಾರ ಮಾಡಿದರು. ಕೆಲಸಗಾರರ ಸಂಘಗಳೂ ದನಿಗೂಡಿಸಿದವು. ಕೊನೆಗೆ ೧೮೯೩ರ ಮಾರ್ಚ್ ೨ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅವರು ರೈಲ್ವೆ ಸುರಕ್ಷತಾ ಸಾಧನ ಕಾಯಿದೆಗೆ ಸಹಿ ಹಾಕಿದರು. ರೈಲಿನ ವೇಗವನ್ನು ಕೈಬ್ರೇಕ್‌ಗಳ ನೆರವಿಲ್ಲದೆ ಚಾಲಕನೇ ನಿಯಂತ್ರಿಸುವಷ್ಟು ಬಂಡಿಗಳಿಗೆ ಶಕ್ತಿಚಾಲಿತ ಬ್ರೇಕ್ ಇರಬೇಕು, ಬಂಡಿಗಳ ನಡುವೆ ಮನುಷ್ಯ ನಿಲ್ಲದೆಯೇ ತಾವಾಗಿ ಕೂಡಿಕೊಳ್ಳುವ ಕೊಂಡಿಗಳಿರಬೇಕು ಎಂದು ಈ ಕಾಯಿದೆ ವಿಧಿಸಿತು. ರೈಲ್ವೆ ಕಂಪನಿಗಳು ಕಾಲಾವಕಾಶ ಕೇಳಿದ್ದರಿಂದ ಅದು ಸಂಪೂರ್ಣವಾಗಿ ಜಾರಿಗೆ ಬಂದದ್ದು ೧೯೦೦ರಲ್ಲಿ. ಅದರೊಂದಿಗೆ ಚಾವಣಿಯ ಮೇಲೆ ಓಡಾಡಿ ಬ್ರೇಕ್ ತಿರುಗಿಸುವ ಕಾಲ ಕೊನೆಗಂಡಿತು.

ಸಿಗ್ನಲ್ ವ್ಯವಸ್ಥೆ ಮತ್ತು ಟ್ರ್ಯಾಕ್ ಸರ್ಕ್ಯೂಟ್

ರೈಲು ನಿಲ್ಲಬಲ್ಲದಾದರೆ ಸಾಲದು. ಎಲ್ಲಿ ನಿಲ್ಲಬೇಕೆಂಬುದು ಚಾಲಕನಿಗೆ ಮೊದಲೇ ತಿಳಿಯಬೇಕು. ಇದನ್ನು ಅರಿತ ವೆಸ್ಟಿಂಗ್‌ಹೌಸ್ ೧೮೮೧ರಲ್ಲಿ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಕಂಪನಿಯನ್ನು ಸ್ಥಾಪಿಸಿದರು. ಇದಕ್ಕಾಗಿ ಅವರು ವಿಲಿಯಂ ರಾಬಿನ್ಸನ್ ಎಂಬ ಸಂಶೋಧಕರ ಪೇಟೆಂಟ್‌ಗಳ ಹಕ್ಕುಗಳನ್ನು ಪಡೆದುಕೊಂಡರು. ರಾಬಿನ್ಸನ್ನರು ೧೮೭೨ರಲ್ಲಿ ಪೇಟೆಂಟ್ ಪಡೆದಿದ್ದ ಮುಚ್ಚಿದ ಟ್ರ್ಯಾಕ್ ಸರ್ಕ್ಯೂಟ್ ರೈಲ್ವೆ ಇತಿಹಾಸದ ಅತಿ ಮುಖ್ಯ ಸಂಶೋಧನೆಗಳಲ್ಲಿ ಒಂದು.

ಇದರ ಕಾರ್ಯವಿಧಾನ ಸರಳವಾದುದು. ಹಳಿಯ ಒಂದು ಭಾಗವನ್ನು ವಿದ್ಯುನ್ನಿರೋಧಕ ಜೋಡಣೆಗಳಿಂದ ಪಕ್ಕದ ಭಾಗಗಳಿಂದ ಬೇರ್ಪಡಿಸಲಾಗುತ್ತದೆ. ಅದರ ಒಂದು ತುದಿಯಲ್ಲಿ ಎರಡು ಹಳಿಗಳಿಗೂ ಬ್ಯಾಟರಿಯನ್ನು, ಇನ್ನೊಂದು ತುದಿಯಲ್ಲಿ ರಿಲೇ ಎಂಬ ವಿದ್ಯುತ್ಕಾಂತವನ್ನು ಜೋಡಿಸಲಾಗುತ್ತದೆ. ಹಳಿ ಖಾಲಿ ಇರುವಾಗ ವಿದ್ಯುತ್ತು ಹಳಿಗಳ ಮೂಲಕ ಹರಿದು ರಿಲೇಯನ್ನು ಎತ್ತಿ ಹಿಡಿಯುತ್ತದೆ; ಸಿಗ್ನಲ್ ಮುಂದೆ ಹೋಗಲು ಅನುಮತಿ ಸೂಚಿಸುತ್ತದೆ. ರೈಲು ಬಂದಾಗ ಅದರ ಗಾಲಿ ಮತ್ತು ಅಚ್ಚುಗಳು ಎರಡು ಹಳಿಗಳನ್ನು ಬೆಸೆಯುವುದರಿಂದ ವಿದ್ಯುತ್ತು ರಿಲೇಯನ್ನು ಬಿಟ್ಟು ಅಡ್ಡದಾರಿಯಲ್ಲಿ ಹರಿಯುತ್ತದೆ. ರಿಲೇ ಕೆಳಗೆ ಬಿದ್ದು ಸಿಗ್ನಲ್ ಅಪಾಯ ಸೂಚಿಸುತ್ತದೆ. ಬ್ಯಾಟರಿ ಬರಿದಾದರೂ, ತಂತಿ ಕಡಿದರೂ, ಬಹುಮಟ್ಟಿಗೆ ಹಳಿ ಮುರಿದಾಗಲೂ ಇದೇ ಆಗುತ್ತದೆ. ಸ್ವಯಂಚಾಲಿತ ಬ್ರೇಕಿನ ತತ್ತ್ವವೇ ಇಲ್ಲಿಯೂ ಇರುವುದು ಗಮನಾರ್ಹ.

ಹಳಿ ದುರಸ್ತಿಯ ಕೆಲಸಗಾರರಿಗೆ ಈ ಏರ್ಪಾಡಿನಿಂದ ಒಂದು ವಿಶೇಷ ರಕ್ಷಣೆ ದೊರೆಯಿತು. ಎರಡು ಹಳಿಗಳ ನಡುವೆ ಒಂದು ತಂತಿಯನ್ನು ಬಿಗಿದರೆ ಸಾಕು, ಅಲ್ಲಿ ರೈಲು ನಿಂತಂತೆಯೇ ಸರ್ಕ್ಯೂಟ್ ಭಾವಿಸಿ ಹಿಂದಿನ ಸಿಗ್ನಲನ್ನು ಅಪಾಯಕ್ಕೆ ತರುತ್ತದೆ. ಅನೇಕ ದೇಶಗಳ ರೈಲ್ವೆಗಳಲ್ಲಿ ಕೆಲಸದ ತಂಡಗಳು ಇಂದಿಗೂ ಇಂತಹ ತಂತಿ ಅಥವಾ ಪಟ್ಟಿಗಳನ್ನು ಬಳಸುತ್ತವೆ. ಹಳಿಯ ಮೇಲೆ ತುಕ್ಕು ಹಿಡಿದಿದ್ದರೆ ಸಂಪರ್ಕ ಸರಿಯಾಗಿ ಆಗದಿರುವ ಸಂಭವವಿರುವುದರಿಂದ ಇದೊಂದನ್ನೇ ನಂಬದೆ, ಕಾವಲುಗಾರ, ಕೆಂಪು ಬಾವುಟ, ಹಳಿಯ ಮೇಲಿಡುವ ಡಿಟೋನೇಟರ್, ಮಾರ್ಗವನ್ನು ಕೆಲಕಾಲ ಮುಚ್ಚುವುದು ಮೊದಲಾದ ಕ್ರಮಗಳನ್ನೂ ಅನುಸರಿಸಲಾಗುತ್ತದೆ.

ನಿಲ್ದಾಣಗಳ ಬಳಿ ಹಳಿ ಬದಲಿಸುವ ಪಾಯಿಂಟುಗಳನ್ನೂ ಸಿಗ್ನಲ್‌ಗಳನ್ನೂ ಗಾಳಿಯ ಒತ್ತಡ ಮತ್ತು ವಿದ್ಯುತ್ತುಗಳಿಂದ ದೂರದಿಂದಲೇ ನಡೆಸುವ ವ್ಯವಸ್ಥೆಯನ್ನೂ ವೆಸ್ಟಿಂಗ್‌ಹೌಸ್ ಅವರ ಕಂಪನಿ ಅಭಿವೃದ್ಧಿಪಡಿಸಿತು. ಪರಸ್ಪರ ವಿರುದ್ಧವಾದ ಎರಡು ಮಾರ್ಗಗಳಿಗೆ ಒಮ್ಮೆಗೇ ಅನುಮತಿ ಸಿಗದಂತೆ ಇವುಗಳನ್ನು ಒಂದಕ್ಕೊಂದು ಬಂಧಿಸಲಾಗಿತ್ತು.

ಅನಿಲ ಮತ್ತು ವಿದ್ಯುತ್ ಕ್ಷೇತ್ರ

೧೮೮೪ರಲ್ಲಿ ಪಿಟ್ಸ್‌ಬರ್ಗ್‌ನ ತಮ್ಮ ಮನೆಯ ಹಿತ್ತಿಲಿನಲ್ಲಿ ಕೊರೆಸಿದ ಬಾವಿಯಲ್ಲಿ ನೈಸರ್ಗಿಕ ಅನಿಲ ದೊರೆಯಿತು. ಅದನ್ನು ಸುರಕ್ಷಿತವಾಗಿ ಮನೆಗಳಿಗೂ ಕಾರ್ಖಾನೆಗಳಿಗೂ ಸಾಗಿಸುವ ಬಗೆಗೆ ಅವರು ೩೦ಕ್ಕೂ ಹೆಚ್ಚು ಪೇಟೆಂಟ್‌ಗಳನ್ನು ಪಡೆದರು.

ಸಿಗ್ನಲ್‌ಗಳ ಮೂಲಕ ವಿದ್ಯುತ್ತಿನ ಪರಿಚಯವಾಗಿದ್ದ ವೆಸ್ಟಿಂಗ್‌ಹೌಸ್ ೧೮೮೬ರಲ್ಲಿ ವೆಸ್ಟಿಂಗ್‌ಹೌಸ್ ಎಲೆಕ್ಟ್ರಿಕ್ ಕಂಪನಿಯನ್ನು ಆರಂಭಿಸಿದರು. ಎಡಿಸನ್ನರ ಏಕಮುಖ ಪ್ರವಾಹವನ್ನು ದೂರಕ್ಕೆ ಸಾಗಿಸುವುದು ಆಗ ಕಷ್ಟವಾಗಿತ್ತು. ಪರ್ಯಾಯ ಪ್ರವಾಹವನ್ನು ಪರಿವರ್ತಕದ ನೆರವಿನಿಂದ ಹೆಚ್ಚಿನ ವೋಲ್ಟೇಜಿಗೆ ಏರಿಸಿ ದೂರಕ್ಕೆ ಕಳುಹಿಸಿ, ಬಳಕೆಯ ಸ್ಥಳದಲ್ಲಿ ಇಳಿಸಬಹುದಾಗಿತ್ತು. ೧೮೮೬ರಲ್ಲಿ ಇವರ ಸಹಯೋಗಿ ವಿಲಿಯಂ ಸ್ಟಾನ್ಲಿ ಗ್ರೇಟ್ ಬ್ಯಾರಿಂಗ್‌ಟನ್ ಎಂಬ ಊರಿನಲ್ಲಿ ಇದನ್ನು ಮಾಡಿ ತೋರಿಸಿದರು. ೧೮೮೮ರಲ್ಲಿ ನಿಕೋಲಾ ಟೆಸ್ಲಾ ಅವರ ಮೋಟಾರು ಮತ್ತು ಬಹುಹಂತ ಪ್ರವಾಹದ ಪೇಟೆಂಟ್‌ಗಳ ಹಕ್ಕನ್ನು ವೆಸ್ಟಿಂಗ್‌ಹೌಸ್ ಪಡೆದರು. ಪರ್ಯಾಯ ಪ್ರವಾಹ ಮಾರಕವೆಂದು ಎಡಿಸನ್ ಪಕ್ಷದವರು ತೀವ್ರವಾದ ಅಪಪ್ರಚಾರ ನಡೆಸಿದರು. ಆದರೆ ೧೮೯೩ರ ಷಿಕಾಗೋ ವಿಶ್ವಮೇಳದ ದೀಪಾಲಂಕಾರವೂ, ಬಳಿಕ ನಯಾಗರ ಜಲಪಾತದ ವಿದ್ಯುದಾಗಾರದ ಉತ್ಪಾದಕ ಯಂತ್ರಗಳ ಗುತ್ತಿಗೆಯೂ ವೆಸ್ಟಿಂಗ್‌ಹೌಸ್ ಅವರಿಗೇ ದೊರೆತವು. ೧೮೯೬ರಲ್ಲಿ ನಯಾಗರದ ವಿದ್ಯುತ್ತು ಬಫಲೋ ನಗರವನ್ನು ತಲುಪಿತು. ೧೯೦೭ರಲ್ಲಿ ನ್ಯೂ ಹೇವನ್ ರೈಲುಮಾರ್ಗವನ್ನು ಪರ್ಯಾಯ ಪ್ರವಾಹದಿಂದ ವಿದ್ಯುದೀಕರಿಸಿದ್ದೂ ಇವರ ಕಂಪನಿಯೇ.

ಕಾರ್ಮಿಕರೊಂದಿಗಿನ ಸಂಬಂಧ

ಅಮೆರಿಕದ ಉದ್ಯಮಗಳಲ್ಲಿ ವಾರಕ್ಕೆ ಆರು ಪೂರ್ಣ ದಿನಗಳ ದುಡಿಮೆ ರೂಢಿಯಲ್ಲಿದ್ದ ಕಾಲದಲ್ಲಿ, ಶನಿವಾರ ಅರ್ಧ ದಿನದ ರಜೆಯನ್ನು ಮೊದಲಾಗಿ ನೀಡಿದವರಲ್ಲಿ ವೆಸ್ಟಿಂಗ್‌ಹೌಸ್ ಒಬ್ಬರು. ೧೮೯೦ರ ಸುಮಾರಿಗೆ ಏರ್ ಬ್ರೇಕ್ ಕಾರ್ಖಾನೆಯನ್ನು ಪಿಟ್ಸ್‌ಬರ್ಗ್ ಸಮೀಪದ ವಿಲ್ಮರ್ಡಿಂಗ್‌ಗೆ ಸಾಗಿಸಿದಾಗ, ಕೆಲಸಗಾರರಿಗಾಗಿ ಅಲ್ಲಿ ಮನೆಗಳನ್ನು ಕಟ್ಟಿಸಲಾಯಿತು. ಪೇಟೆಂಟ್‌ಗಳ ವಿಷಯದಲ್ಲಿ ಮಾತ್ರ ಅವರು ಕಠಿಣ ವ್ಯವಹಾರಸ್ಥರಾಗಿದ್ದರು. ತಮ್ಮ ಹಕ್ಕುಗಳನ್ನು ರಕ್ಷಿಸಿಕೊಳ್ಳಲು ಪ್ರತಿಸ್ಪರ್ಧಿಗಳ ಮೇಲೆ ಅನೇಕ ಮೊಕದ್ದಮೆಗಳನ್ನು ಹೂಡಿದರು. ಅದೇ ವೇಳೆ, ಹೊಸದಾಗಿ ಮಾಡಿದ ಪ್ರತಿಯೊಂದು ಬ್ರೇಕೂ ಹಳೆಯ ಬ್ರೇಕ್‌ಗಳಿರುವ ಬಂಡಿಗಳೊಡನೆ ಹೊಂದಿಕೊಂಡು ಕೆಲಸ ಮಾಡುವಂತಿರಬೇಕೆಂಬ ನಿಯಮವನ್ನು ಬಿಡದೆ ಪಾಲಿಸಿದರು. ದೇಶದ ಎಲ್ಲ ಬಂಡಿಗಳೂ ಒಂದೇ ರೈಲಿನಲ್ಲಿ ಓಡಲು ಸಾಧ್ಯವಾದುದಕ್ಕೆ ಈ ನಿಯಮವೂ ಕಾರಣ.

ಕೊನೆಯ ದಿನಗಳು

೧೯೦೭ರ ಆರ್ಥಿಕ ಬಿಕ್ಕಟ್ಟಿನಲ್ಲಿ ವೆಸ್ಟಿಂಗ್‌ಹೌಸ್ ಎಲೆಕ್ಟ್ರಿಕ್ ಕಂಪನಿ ಸಾಲದ ಹೊರೆಯಿಂದ ನ್ಯಾಯಾಲಯದ ಆಡಳಿತಕ್ಕೆ ಒಳಪಟ್ಟಿತು. ಸ್ಥಾಪಕರ ಹಿಡಿತ ತಪ್ಪಿತು. ೧೯೧೧ರ ವೇಳೆಗೆ ಅವರು ಆ ಕಂಪನಿಯ ಸಂಬಂಧವನ್ನು ಸಂಪೂರ್ಣವಾಗಿ ಕಡಿದುಕೊಂಡರು. ಸ್ಥಿರವಾದ ಲಾಭದಲ್ಲಿದ್ದ ಏರ್ ಬ್ರೇಕ್ ಕಂಪನಿಗೆ ಈ ಬಿಕ್ಕಟ್ಟು ತಟ್ಟಲಿಲ್ಲ. ಆ ಬಳಿಕವೂ ಅವರು ಹಡಗುಗಳ ಹಲ್ಲುಗಾಲಿ ವ್ಯವಸ್ಥೆ, ಮೋಟಾರು ವಾಹನಗಳ ಗಾಳಿಯ ಸ್ಪ್ರಿಂಗ್ ಮುಂತಾದವುಗಳಲ್ಲಿ ನಿರತರಾಗಿದ್ದರು. ಆರೋಗ್ಯ ಕುಂದಿ ೧೯೧೪ರ ಮಾರ್ಚ್ ೧೨ರಂದು ನ್ಯೂಯಾರ್ಕ್ ನಗರದಲ್ಲಿ ತಮ್ಮ ೬೭ನೆಯ ವಯಸ್ಸಿನಲ್ಲಿ ನಿಧನರಾದರು. ಪತ್ನಿ ಮಾರ್ಗರೇಟ್ ಅವರೂ ಅದೇ ವರ್ಷ ತೀರಿಕೊಂಡರು. ಅಂತರ್ಯುದ್ಧದ ಯೋಧರೆಂಬ ನೆಲೆಯಲ್ಲಿ ವೆಸ್ಟಿಂಗ್‌ಹೌಸ್ ಅವರ ಸಮಾಧಿ ಆರ್ಲಿಂಗ್‌ಟನ್ ರಾಷ್ಟ್ರೀಯ ಸ್ಮಶಾನದಲ್ಲಿದೆ. ದಂಪತಿಗಳಿಗೆ ಜಾರ್ಜ್ ಎಂಬ ಒಬ್ಬನೇ ಮಗನಿದ್ದನು.

ಗೌರವಗಳು

* ೧೯೦೬ – ಜಾನ್ ಫ್ರಿಟ್ಜ್ ಪದಕ
* ೧೯೧೦ – ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಅಧ್ಯಕ್ಷತೆ
* ೧೯೧೧ – ಎಡಿಸನ್ ಪದಕ. ಪ್ರತಿಸ್ಪರ್ಧಿಯ ಹೆಸರಿನ ಈ ಪದಕವನ್ನು ಪರ್ಯಾಯ ಪ್ರವಾಹದ ಬೆಳವಣಿಗೆಗೆ ಸಲ್ಲಿಸಿದ ಸೇವೆಗಾಗಿ ನೀಡಲಾಯಿತು
* ೧೯೧೩ – ಜರ್ಮನಿಯ ಗ್ರಾಶಾಫ್ ಪದಕ
* ೧೯೩೦ – ಪಿಟ್ಸ್‌ಬರ್ಗ್‌ನ ಶೆನ್ಲಿ ಉದ್ಯಾನದಲ್ಲಿ ಸ್ಮಾರಕ. ಇದರ ವೆಚ್ಚವನ್ನು ಅವರ ಕಂಪನಿಗಳ ಸಾವಿರಾರು ನೌಕರರು ದೇಣಿಗೆಯಾಗಿ ನೀಡಿದರು

ಪರಂಪರೆ

ಕೊಳವೆಯ ಒತ್ತಡ ಇಳಿದಾಗ ಬ್ರೇಕ್ ಬೀಳಬೇಕೆಂಬ ವೆಸ್ಟಿಂಗ್‌ಹೌಸ್ ಅವರ ಸೂತ್ರವನ್ನು ಪ್ರಪಂಚದ ಬಹುಪಾಲು ರೈಲುಗಳು ಇಂದಿಗೂ ಅನುಸರಿಸುತ್ತಿವೆ. ಭಾರತೀಯ ರೈಲ್ವೆಯು ಬಹುಕಾಲ ನಿರ್ವಾತ ಬ್ರೇಕ್‌ಗಳನ್ನು ಬಳಸಿ, ೨೦ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕ್ರಮೇಣ ಏರ್ ಬ್ರೇಕ್‌ಗೆ ಬದಲಾಯಿತು. ಕೋಲ್ಕತ್ತದ ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಫಾರ್ಮರ್ ಸಂಸ್ಥೆ ಭಾರತದಲ್ಲಿ ರೈಲು ಬ್ರೇಕ್ ಹಾಗೂ ಸಿಗ್ನಲ್ ಸಾಮಗ್ರಿಗಳನ್ನು ತಯಾರಿಸಿದೆ. ಮೂಲ ಏರ್ ಬ್ರೇಕ್ ಕಂಪನಿಯ ಇಂದಿನ ಉತ್ತರಾಧಿಕಾರಿಯಾದ ವ್ಯಾಬ್ಟೆಕ್ ಸಂಸ್ಥೆಯ ಎಂಜಿನಿಯರಿಂಗ್ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಭಾರತದಲ್ಲಿ ಅಳವಡಿಸಲಾಗುತ್ತಿರುವ ಕವಚ್ ಎಂಬ ಸ್ವಯಂಚಾಲಿತ ರಕ್ಷಣಾ ವ್ಯವಸ್ಥೆಯೂ, ಚಾಲಕನು ಕೆಂಪು ಸಿಗ್ನಲನ್ನು ಗಮನಿಸದಿದ್ದಾಗ ತಾನಾಗಿಯೇ ಬ್ರೇಕ್ ಹಾಕುತ್ತದೆ.

ಏರ್ ಬ್ರೇಕ್ಬಂದ ಮೇಲೆ ರೈಲುಗಳು ಮೊದಲಿಗಿಂತ ಉದ್ದವೂ ಭಾರವೂ ಆದವು, ವೇಗವೂ ಹೆಚ್ಚಿತು. ಪೂರ್ಣ ವೇಗದ ರೈಲು ನಿಲ್ಲಲು ಈಗಲೂ ನೂರಾರು ಮೀಟರುಗಳಿಂದ ಒಂದು ಕಿಲೋಮೀಟರಿಗೂ ಹೆಚ್ಚಿನ ದೂರ ಬೇಕಾಗುತ್ತದೆ. ಆದ್ದರಿಂದ ಹಳಿಯ ಮೇಲೆ ಕೆಲಸ ಮಾಡುವ ಗ್ಯಾಂಗ್‌ಮನ್ ಮತ್ತು ಕೀಮ್ಯಾನ್‌ಗಳ ರಕ್ಷಣೆ ಬ್ರೇಕ್ ಒಂದರಿಂದಲೇ ಆಗುವಂತಹುದಲ್ಲ. ರೈಲು ಅವರತ್ತ ಬರುವ ಮೊದಲೇ ಸಿಗ್ನಲ್ ಅದನ್ನು ತಡೆಯಬೇಕು, ಎಚ್ಚರಿಕೆ ಅವರನ್ನು ತಲುಪಬೇಕು, ಕೆಲಸದ ಅವಧಿಯಲ್ಲಿ ಮಾರ್ಗ ಮುಚ್ಚಿರಬೇಕು. ಬ್ರೇಕ್ ಮತ್ತು ಸಿಗ್ನಲ್ ಎರಡನ್ನೂ ಒಂದೇ ಸುರಕ್ಷತಾ ಕ್ರಮದ ಅಂಗಗಳಾಗಿ ಬೆಳೆಸಿದ್ದು ವೆಸ್ಟಿಂಗ್‌ಹೌಸ್ ಅವರು ರೈಲ್ವೆಗೆ ನೀಡಿದ ಮುಖ್ಯ ಕೊಡುಗೆಯಾಗಿದೆ.